ಹದಿನೇಳನೇ ಪ್ರಶ್ನೆ

ಸುಷ್ಮಿತಾ ಚಿತ್ರದುರ್ಗದ ಒಂದು ಖಾಸಗಿ ಬಿ.ಇಡಿ. ಕಾಲೇಜಿನಲ್ಲಿ ಏಳು ವರ್ಷದಿಂದ ಅತಿಥಿ ಉಪನ್ಯಾಸಕಿ. ಅತಿಥಿ ಎಂಬ ಮಾತಿಗೆ ತಕ್ಕಂತೆ ಅವಳನ್ನು ಪ್ರತಿ ವರ್ಷ ಕರೆಯುತ್ತಿದ್ದರು, ಪ್ರತಿ ವರ್ಷ ಕಳಿಸುತ್ತಿದ್ದರು. ಪಿಎಚ್.ಡಿ. ಕೈಗೆ ಬಂದರೆ ಖಾಯಂ ಮಾಡುವ ಮಾತಾಡೋಣ ಎಂದು ಕಾಲೇಜಿನ ಕಾರ್ಯದರ್ಶಿಗಳು ಹೇಳಿ ನಾಲ್ಕು ವರ್ಷವಾಗಿತ್ತು. ವಯಸ್ಸು ಮೂವತ್ತೈದು ದಾಟಿದ ಮೇಲೆ ಅವಳು ಆ ಮಾತೊಂದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಅವಳ ಸಂಶೋಧನೆಯ ವಿಷಯ ಸುಳ್ಳು ಸುದ್ದಿ. ಸುಳ್ಳು ಸುದ್ದಿಯನ್ನು ಗುರುತಿಸುವುದನ್ನು ಶಾಲೆಗಳಲ್ಲಿ ಹೇಗೆ ಕಲಿಸುತ್ತಾರೆ, ಅದರ ಬಗ್ಗೆ ಲೋಕದಲ್ಲಿ ಯಾರ್ಯಾರು ಏನೇನು ಬರೆದಿದ್ದಾರೆ ಎಂದು ಮೊದಲು ಪಟ್ಟಿ ಮಾಡುವುದು, ಆಮೇಲೆ ಒಂದು ಶಾಲೆಯಲ್ಲಿ ತಾನೇ ಪಾಠ ಮಾಡಿ ಫಲಿತಾಂಶ ನೋಡುವುದು. ಪಟ್ಟಿಗೇ ಎರಡು ವರ್ಷ ಹಿಡಿಯಿತು. ಆರುನೂರ ಹನ್ನೆರಡು ಲೇಖನಗಳು. ಯಾವ ವರ್ಷ ಎಷ್ಟು ಬಂದವು, ಯಾವ ದೇಶದವರು ಹೆಚ್ಚು ಬರೆದರು, ಯಾರು ಯಾರನ್ನು ಉಲ್ಲೇಖಿಸಿದರು ಎಂದು ಕೇಳಿದರೆ ನಿದ್ದೆಗಣ್ಣಿನಲ್ಲೂ ಹೇಳಬಲ್ಲವಳಾಗಿದ್ದಳು. ಅಷ್ಟೂ ಲೇಖನಗಳ ತಿರುಳು ಹೆಚ್ಚುಕಡಿಮೆ ಒಂದೇ ಆಗಿತ್ತು. ಜನರಿಗೆ ಗೊತ್ತಿಲ್ಲ, ಆದ್ದರಿಂದ ನಂಬುತ್ತಾರೆ, ಗೊತ್ತುಮಾಡಿಸಿದರೆ ನಂಬುವುದಿಲ್ಲ. ಸುಷ್ಮಿತಾಳಿಗೂ ಅದರಲ್ಲಿ ಅನುಮಾನವಿರಲಿಲ್ಲ.

ಆರುನೂರ ಹನ್ನೆರಡರಲ್ಲಿ ಹಳ್ಳಿ ಶಾಲೆಗಳ ಮೇಲೆ ಬರೆದದ್ದು ಒಂಬತ್ತೇ ಒಂಬತ್ತು. ಅದನ್ನು ಹೇಳಿದಾಗ ಅವಳ ಮಾರ್ಗದರ್ಶಕರಾದ ಡಾ. ತಿಮ್ಮರಾಯಪ್ಪನವರು ಖುಷಿಪಟ್ಟರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಯಾರಿಗೂ ಕೇಡು ಬಯಸದ ಮನುಷ್ಯ. ಇದೇ ನಿಮ್ಮ ಜಾಗ, ಇಲ್ಲಿ ಯಾರೂ ಕೈಹಾಕಿಲ್ಲ, ಒಂದು ಹಳ್ಳಿ ಶಾಲೆ ಹಿಡಿಯಿರಿ ಎಂದರು.

ಹಾಗೆ ಸಿಕ್ಕಿದ್ದು ಹೊಸದುರ್ಗ ತಾಲ್ಲೂಕಿನ ಕೆಂಚರಾಯನಹಟ್ಟಿಯ ಸರ್ಕಾರಿ ಹೈಸ್ಕೂಲು. ಶ್ರೀರಾಂಪುರದಲ್ಲಿ ಬಸ್ಸಿಳಿದು ಆಟೋದಲ್ಲಿ ಏಳು ಕಿಲೋಮೀಟರು ಒಳಗೆ ಹೋಗಬೇಕು. ಹತ್ತು ಶಾಲೆಗೆ ಪತ್ರ ಬರೆದಿದ್ದಳು. ಉತ್ತರ ಕೊಟ್ಟವರು ಅಲ್ಲಿನ ಹೆಡ್‌ಮಾಸ್ಟರ್ ಮಂಜಣ್ಣ ಒಬ್ಬರೇ. ಒಂಬತ್ತನೇ ಕ್ಲಾಸಿನಲ್ಲಿ ನಲವತ್ತೊಂದು ಮಕ್ಕಳು. ವಾರಕ್ಕೆ ಎರಡು ದಿನದಂತೆ ಎಂಟು ವಾರದ ಪಾಠ. ಮೊದಲೊಂದು ಪರೀಕ್ಷೆ, ಕೊನೆಗೊಂದು ಪರೀಕ್ಷೆ, ಎರಡರಲ್ಲೂ ಅವೇ ಇಪ್ಪತ್ತು ಪ್ರಶ್ನೆ.

ಮಂಗಳವಾರ, ಶುಕ್ರವಾರ ಬೆಳಿಗ್ಗೆ ಆರಕ್ಕೆ ದುರ್ಗದಲ್ಲಿ ಬಸ್ಸು ಹತ್ತಿದರೆ ಹೊಳಲ್ಕೆರೆ, ಹೊಸದುರ್ಗ ದಾಟಿ ಶಾಲೆ ಮುಟ್ಟುವಷ್ಟರಲ್ಲಿ ಹತ್ತಾಗುತ್ತಿತ್ತು. ಮಕ್ಕಳು ಅವಳಿಗಾಗಿ ಕಾಯುತ್ತಿದ್ದರು. ಈ ಪಾಠಕ್ಕೆ ಪುಸ್ತಕವಿಲ್ಲ, ಹೋಂವರ್ಕ್ ಇಲ್ಲ. ಅವರವರ ಮನೆಯ ಮೊಬೈಲಿಗೆ ಬಂದ ಫೋಟೋ, ವಿಡಿಯೋಗಳನ್ನೇ ತಂದು ನೋಡುವುದು. ಇದನ್ನು ಯಾರು ಮಾಡಿದರು, ಯಾವಾಗ, ಎಲ್ಲಿ, ಮೊದಲು ಎಲ್ಲಿ ಬಂದಿತ್ತು, ಇದರಿಂದ ಯಾರಿಗೆ ಲಾಭ ಎಂದು ಐದು ಪ್ರಶ್ನೆ ಕೇಳಿಕೊಂಡು ಹಾಳೆಯಲ್ಲಿ ಬರೆಯುವುದು. ಮೂರನೇ ವಾರಕ್ಕೆ ಮಕ್ಕಳು ಪಳಗಿಬಿಟ್ಟರು. ಅವರಲ್ಲೂ ಪ್ರೀತಿ ಎಂಬ ಹುಡುಗಿ ಎಲ್ಲರಿಗಿಂತ ಮುಂದು. ಚಿತ್ರದಲ್ಲಿನ ನೆರಳು ನೋಡಿ ಹೊತ್ತು ಹೇಳುತ್ತಿದ್ದಳು, ಬೋರ್ಡಿನ ಲಿಪಿ ನೋಡಿ ರಾಜ್ಯ ಹೇಳುತ್ತಿದ್ದಳು. ಅವಳ ಅಪ್ಪ ಓಬಳೇಶ್ ಶಾಲಾ ಅಭಿವೃದ್ಧಿ ಸಮಿತಿಯ ಅಧ್ಯಕ್ಷ. ಶ್ರೀರಾಂಪುರದಲ್ಲಿ ಗೊಬ್ಬರದ ಅಂಗಡಿ ಇತ್ತು. ಮೊದಲ ದಿನ ತಾನೇ ಬಂದು ಸುಷ್ಮಿತಾಳಿಗೆ ಶಾಲು ಹೊದಿಸಿ, ನಮ್ಮೂರ ಹುಡುಗರಿಗೆ ಇಂಥದ್ದು ಬೇಕಾಗಿತ್ತು ಎಂದು ಮೈಕಿನಲ್ಲಿ ಭಾಷಣವನ್ನೂ ಮಾಡಿದ್ದ.

ಮಧ್ಯಾಹ್ನದ ಊಟ ಅವಳಿಗೆ ಶಾಲೆಯಲ್ಲೇ ಆಗುತ್ತಿತ್ತು. ಬಿಸಿಯೂಟದ ಮುಖ್ಯ ಅಡುಗೆಯವಳು ಹುಲಿಗೆಮ್ಮ, ಊರಾಚೆಯ ಕಾಲೋನಿಯವಳು, ನಲವತ್ತೈದರ ಆಸುಪಾಸು. ನಾಲ್ಕು ವರ್ಷದ ಹಿಂದೆ ಅವಳನ್ನು ನೇಮಿಸಿದಾಗ ಊರೊಳಗಿನ ಎಷ್ಟೋ ಮನೆಯವರು ಮಕ್ಕಳ ಕೈಗೆ ಡಬ್ಬಿ ಕೊಟ್ಟು ಕಳಿಸುತ್ತಿದ್ದರಂತೆ. ಹುಲಿಗೆಮ್ಮ ಯಾರಿಗೂ ಏನೂ ಅನ್ನಲಿಲ್ಲ. ಬೆಳಿಗ್ಗೆ ಎಂಟಕ್ಕೆ ಬಂದು ಸೊಪ್ಪನ್ನು ಎಲೆ ಎಲೆ ಬಿಡಿಸಿ ನೋಡಿ, ಮೂರು ನೀರಿನಲ್ಲಿ ತೊಳೆದು ಸಾರು ಮಾಡುತ್ತಿದ್ದಳು. ಆ ಸಾರಿನ ವಾಸನೆಗೆ ಡಬ್ಬಿ ತಂದ ಮಕ್ಕಳು ಡಬ್ಬಿಯನ್ನು ನಾಯಿಗೆ ಸುರಿದು ತಟ್ಟೆ ಹಿಡಿದು ಬಂದು ನಿಂತರು. ಎರಡನೇ ವರ್ಷಕ್ಕೆ ಡಬ್ಬಿಗಳೇ ಇಲ್ಲವಾದವು. ಇದನ್ನೆಲ್ಲ ಮಂಜಣ್ಣ ಮೇಷ್ಟ್ರು ತಾವೇ ಗೆದ್ದವರಂತೆ ಸುಷ್ಮಿತಾಳಿಗೆ ಹೇಳಿದ್ದರು. ಅವಳು ಉಗ್ರಾಣದ ಮೆಟ್ಟಿಲ ಮೇಲೆ ಕುಳಿತು ಉಣ್ಣುವಾಗ ಹುಲಿಗೆಮ್ಮ ಪಕ್ಕದಲ್ಲಿ ನಿಂತು, ಇನ್ನೊಂದಿಷ್ಟು ಹಾಕಿಸಿಕೊಳ್ಳಿ, ಬಸ್ಸಿನಲ್ಲಿ ಹೋಗುವವರು ಎಂದು ಒತ್ತಾಯ ಮಾಡುತ್ತಿದ್ದಳು.

ಆರನೇ ವಾರದ ಶನಿವಾರ ಸಂಜೆ ಊರಿನ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಬಂತು. ಮೂವತ್ತೇಳು ಸೆಕೆಂಡಿನದು. ದೊಡ್ಡ ಪಾತ್ರೆಯ ಸಾರಿನಿಂದ ಯಾರೋ ಸೌಟಿನಲ್ಲಿ ಸತ್ತ ಹಲ್ಲಿಯನ್ನು ಎತ್ತಿ ತೋರಿಸುತ್ತಾರೆ, ಹೆಂಗಸೊಬ್ಬಳು ಕೂಗುತ್ತಾಳೆ, ಮಕ್ಕಳು ಗೋಡೆ ಹಿಡಿದು ವಾಂತಿ ಮಾಡಿಕೊಳ್ಳುತ್ತಾರೆ. ಕೆಳಗೆ ಕನ್ನಡದಲ್ಲಿ, ಇದು ನಮ್ಮ ಹಟ್ಟಿ ಹೈಸ್ಕೂಲಿನ ಬಿಸಿಯೂಟ, ಅಡುಗೆಯವರ ಶುಚಿತ್ವ ನೋಡಿ, ಎಲ್ಲರಿಗೂ ಕಳಿಸಿ ಎಂದಿತ್ತು. ಭಾನುವಾರ ಅದು ಬಾಗೂರಿನವರೆಗೂ ಹೋಗಿ ವಾಪಸು ಬಂತು. ಸೋಮವಾರ ಶಾಲೆಯ ನೂರ ಎಂಬತ್ತು ಮಕ್ಕಳಲ್ಲಿ ಉಂಡವರು ಇಪ್ಪತ್ತಮೂರು. ಇಪ್ಪತ್ತಮೂರೂ ಕಾಲೋನಿಯ ಮಕ್ಕಳು.

ಮಂಗಳವಾರ ಬೆಳಿಗ್ಗೆ ಬಸ್ಸಿನಲ್ಲಿ ಮಂಜಣ್ಣನವರ ಫೋನಿನಿಂದ ಸುದ್ದಿ ತಿಳಿದಾಗ ಸುಷ್ಮಿತಾಳಿಗೆ ಮೊದಲು ಆದದ್ದು ಸಂತೋಷ. ಆಮೇಲೆ ಎಷ್ಟು ಸಲ ನೆನಪಿಸಿಕೊಂಡರೂ ಅದನ್ನು ಬೇರೆ ಹೆಸರಿನಿಂದ ಕರೆಯಲು ಅವಳಿಂದ ಆಗಲಿಲ್ಲ. ಆರುನೂರ ಹನ್ನೆರಡು ಲೇಖನ ಬರೆದವರಲ್ಲಿ ಯಾರಿಗೂ ಸಿಗದ ಅವಕಾಶ ತನ್ನ ಕಾಲಡಿಗೆ ಬಂದು ಬಿದ್ದಿದೆ ಎನಿಸಿತು. ಕ್ಲಾಸಿಗೆ ಹೋದವಳೇ ಆ ದಿನದ ಪಾಠ ಬದಿಗಿಟ್ಟು ಅದೇ ವಿಡಿಯೋ ಹಾಕಿದಳು. ಐದು ಪ್ರಶ್ನೆಯ ಹಾಳೆ ಹಂಚಿದಳು.

ಮಕ್ಕಳಿಗೆ ಅರ್ಧ ಗಂಟೆ ಸಾಕಾಯಿತು. ವಿಡಿಯೋದಲ್ಲಿನ ತಟ್ಟೆ ಮನೆಮನೆಯಾಗಿ ವಿಂಗಡಿಸಿದ್ದು, ತಮ್ಮ ಶಾಲೆಯದು ಸಾದಾ ದುಂಡು ತಟ್ಟೆ. ಅಲ್ಲಿನ ಮಕ್ಕಳ ಸಮವಸ್ತ್ರ ಬೇರೆ. ಹಿಂದಿನ ಗೋಡೆಯ ಮೇಲಿನ ಬರಹ ಕನ್ನಡವಲ್ಲ. ಪ್ರೀತಿ ಸುಷ್ಮಿತಾಳ ಲ್ಯಾಪ್‌ಟಾಪಿನಲ್ಲಿ ಹುಡುಕಿ, ಅದೇ ವಿಡಿಯೋವನ್ನು ನಾಲ್ಕು ವರ್ಷದ ಹಿಂದೆ ಬೇರೆ ರಾಜ್ಯದವರು ಯಾರೋ ಹಾಕಿದ್ದನ್ನೂ ಹಿಡಿದಳು. ಕ್ಲಾಸಿನಲ್ಲಿ ಚಪ್ಪಾಳೆ ಬಿತ್ತು. ಸುಷ್ಮಿತಾ ಹಾಳೆಗಳನ್ನು ಸಂಗ್ರಹಿಸಿಕೊಂಡು ಸ್ಟಾಫ್ ರೂಮಿನಲ್ಲಿ ಓದುತ್ತ ಹೋದಳು. ಕೊನೆಯ ಪ್ರಶ್ನೆಗೆ, ಇದರಿಂದ ಯಾರಿಗೆ ಲಾಭ ಎಂಬುದಕ್ಕೆ, ಹೆಚ್ಚಿನವರು ಗೊತ್ತಿಲ್ಲ ಎಂದು ಬರೆದಿದ್ದರು. ಪ್ರೀತಿಯ ಹಾಳೆಯಲ್ಲಿ ದುಂಡಗಿನ ಅಕ್ಷರದಲ್ಲಿ ಎರಡೇ ಪದ ಇದ್ದವು: ಯಶೋದಾ ಚಿಕ್ಕಮ್ಮನಿಗೆ.

ಯಶೋದಾ ಓಬಳೇಶನ ತಮ್ಮನ ಹೆಂಡತಿ. ಸುಷ್ಮಿತಾ ಹುಡುಗಿಯನ್ನು ಕರೆದು ಬಾಗಿಲು ಮುಂದೆ ಮಾಡಿ ಕೇಳಿದಳು. ಪ್ರೀತಿ ಯಾವ ಅಂಜಿಕೆಯೂ ಇಲ್ಲದೆ ಹೇಳಿದಳು. ಚಿಕ್ಕಮ್ಮನಿಗೆ ಆ ಕೆಲಸ ಬೇಕೆಂದು ಮನೆಯಲ್ಲಿ ದೀಪಾವಳಿಯಿಂದ ಮಾತು ನಡೆದಿತ್ತು. ಶನಿವಾರ ಅಪ್ಪ ತನ್ನ ಫೋನಿನಲ್ಲಿ ವಿಡಿಯೋದ ಕೆಳಗೆ ಅಕ್ಷರ ಸೇರಿಸಿದ್ದನ್ನು ಅವಳೇ ಕಣ್ಣಾರೆ ನೋಡಿದ್ದಳು. ಇದು ನಮ್ಮ ಶಾಲೆಯದಲ್ಲ ಎಂದು ಭಾನುವಾರ ಅಪ್ಪನ ಪಕ್ಕ ಕುಳಿತು, ತಟ್ಟೆ, ಗೋಡೆ ಎಲ್ಲ ತೋರಿಸಿ ವಿವರಿಸಿಯೂ ಇದ್ದಳು.

"ಅಪ್ಪ ಏನಂದ್ರು?" ಎಂದಳು ಸುಷ್ಮಿತಾ.

"ನಂಗೂ ಗೊತ್ತೈತೆ ಅಂದ್ರು ಮಿಸ್. ಗೊತ್ತಿಲ್ದೆ ಇರಾಕೆ ನಾನೇನು ದಡ್ಡನಾ ಅಂದ್ರು."

ಸುಷ್ಮಿತಾ ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಗೊತ್ತಿಲ್ಲದವನಿಗೆ ಗೊತ್ತುಮಾಡಿಸುವ ವಿದ್ಯೆ ಅವಳ ಬಳಿ ಎಂಟು ವಾರದಷ್ಟಿತ್ತು. ಗೊತ್ತಿದ್ದೇ ಮಾಡಿದವನಿಗೆ ಏನು ಮಾಡಬೇಕೆಂದು ಅವಳ ಪಟ್ಟಿಯ ಯಾವ ಲೇಖನವೂ ಹೇಳಿರಲಿಲ್ಲ.

ಮಧ್ಯಾಹ್ನದ ಗಂಟೆ ಹೊಡೆಯಿತು. ಊಟದ ಅಂಗಳ ಬಣಬಣ ಎನ್ನುತ್ತಿತ್ತು. ಸುಳ್ಳನ್ನು ಹಿಡಿದು ಚಪ್ಪಾಳೆ ತಟ್ಟಿದ ಮಕ್ಕಳೇ ಮರದ ಕೆಳಗೆ ಗುಂಪಾಗಿ ಕುಳಿತು ಮನೆಯ ಡಬ್ಬಿ ಬಿಚ್ಚಿದ್ದರು. ಕಾಲೋನಿಯ ಮಕ್ಕಳು ಮಾತ್ರ ಒಂದು ಸಾಲಾಗಿ ತಟ್ಟೆ ಹಿಡಿದಿದ್ದರು. ಹುಲಿಗೆಮ್ಮ ಎಂದಿನಂತೆ ಸುಷ್ಮಿತಾಳಿಗೆ ಮೆಟ್ಟಿಲ ಮೇಲೆ ಜಾಗ ಒರೆಸಿ, ಅನ್ನ ಸಾರು ಬಡಿಸಿ ತಂದಿಟ್ಟಳು. ಸುಷ್ಮಿತಾ ಕೈ ತೊಳೆದು ಕುಳಿತಳು. ವಿಡಿಯೋ ಸುಳ್ಳೆಂದು ಅವಳಿಗೆ ಗೊತ್ತಿದ್ದಷ್ಟು ಆ ಊರಿನಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ. ಹಾಗಿದ್ದೂ ಅವಳ ಬೆರಳುಗಳು ಅನ್ನ ಕಲಸುವ ಮುನ್ನ ಸಾರಿನಲ್ಲಿದ್ದ ಸೊಪ್ಪನ್ನು ಒಂದು ಸಲ ಮಗುಚಿ, ಅದರ ಅಡಿಯನ್ನು ನೋಡಿದವು. ಕಪ್ಪಗಿದ್ದ ಒಂದು ಮೆಣಸಿನಕಾಯಿ ಚೂರನ್ನು ತಟ್ಟೆಯ ಅಂಚಿಗೆ ತಳ್ಳಿ ಇನ್ನೊಮ್ಮೆ ನೋಡಿದವು. ತಲೆಯೆತ್ತಿದರೆ ಹುಲಿಗೆಮ್ಮ ಆ ಬೆರಳುಗಳನ್ನೇ ನೋಡುತ್ತಿದ್ದಳು.

"ನೋಡ್ಕಂಡೇ ಉಣ್ರಿ ಮೇಡಂ," ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. "ತಪ್ಪೇನಿಲ್ಲ."

ಸುಷ್ಮಿತಾ ತಟ್ಟೆಯಲ್ಲಿದ್ದುದನ್ನೆಲ್ಲ ಉಂಡಳು. ಬೇಡವಾಗಿದ್ದರೂ ಎರಡನೇ ಸಲ ಹಾಕಿಸಿಕೊಂಡಳು. ಅದರಿಂದ ಯಾವುದೂ ಸರಿಹೋಗಲಿಲ್ಲ.

ಸಂಜೆ ಹೊರಡುವಾಗ ಮಂಜಣ್ಣ ಅವಳನ್ನು ಆಫೀಸಿಗೆ ಕರೆದರು. ಗುರುವಾರ ಹೊಸದುರ್ಗದಿಂದ ವಿಚಾರಣೆಗೆ ಬರುತ್ತಾರೆ, ಸಾರಿನ ಮಾದರಿಯನ್ನು ಪರೀಕ್ಷೆಗೆ ಕಳಿಸುತ್ತಾರೆ, ಅದರ ವರದಿ ಬರಲು ತಿಂಗಳುಗಟ್ಟಲೆ ಆಗುತ್ತದೆ, ಅಷ್ಟರೊಳಗೆ ಸಮಿತಿಯವರು ಹುಲಿಗೆಮ್ಮನನ್ನು ಬಿಡಿಸುತ್ತಾರೆ ಎಂದರು. ತಾನು ಹೆಡ್‌ಮಾಸ್ಟರು, ತನ್ನ ಮಾತನ್ನು ಶಾಲೆಯ ಮಾನ ಉಳಿಸಿಕೊಳ್ಳಲು ಹೇಳಿದ್ದೆಂದು ತಳ್ಳಿಹಾಕುತ್ತಾರೆ. ಆದರೆ ಹೊರಗಿನಿಂದ ಬಂದ ಸಂಶೋಧಕಿ, ಇದೇ ವಿಷಯ ಓದಿದವಳು, ವಿಡಿಯೋ ಇಲ್ಲಿಯದಲ್ಲ ಎಂದು ಬರೆದು ಮಕ್ಕಳ ಹಾಳೆಗಳ ನಕಲನ್ನು ಲಗತ್ತಿಸಿದರೆ ಸಮಿತಿಯವರು ಸುಲಭಕ್ಕೆ ಮುಂದುವರಿಯಲಾರರು.

"ಒಂದು ಪುಟ ಸಾಕು ಮೇಡಂ," ಎಂದರು ಮಂಜಣ್ಣ. "ನೀವು ಯಾರ ಹೆಸರೂ ಹೇಳದು ಬ್ಯಾಡ. ವಿಡಿಯೋ ನಮ್ಮದಲ್ಲ ಅಂತ ಅಷ್ಟೇ ಬರೀರಿ."

ನಾಳೆಯೇ ಬರೆದು ಕಳಿಸುತ್ತೇನೆ ಎಂದು ಅವಳು ಮಾತು ಕೊಟ್ಟಳು. ಕೊಡುವಾಗ ಮನಸ್ಸು ಗಟ್ಟಿಯಾಗಿಯೇ ಇತ್ತು. ಬಸ್ಸಿನಲ್ಲಿ ಒಕ್ಕಣೆಯನ್ನೂ ಮನಸ್ಸಿನಲ್ಲೇ ಹೊಂದಿಸಿಕೊಂಡಳು. ಮರುದಿನ ಬೆಳಿಗ್ಗೆ ಪತ್ರ ಬರೆದು, ಒಂದು ಮಾತು ತಿಳಿಸಿಬಿಡೋಣವೆಂದು ತಿಮ್ಮರಾಯಪ್ಪನವರ ಕೊಠಡಿಗೆ ಹೋದಳು. ಅವರು ಪತ್ರವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇಲಾಖೆಯವರು ಕೊಟ್ಟ ಅನುಮತಿ ಪಾಠ ಮಾಡಲು, ಊರಿನ ವ್ಯಾಜ್ಯದಲ್ಲಿ ಸಾಕ್ಷಿ ಹೇಳಲು ಅಲ್ಲ ಎಂದರು. ಸಮಿತಿಯ ಅಧ್ಯಕ್ಷ ಮುನಿಸಿಕೊಂಡರೆ ಶಾಲೆಗೆ ಕಾಲಿಡಲು ಬಿಡುವುದಿಲ್ಲ, ಕೊನೆಯ ಪರೀಕ್ಷೆ ನಡೆಯದಿದ್ದರೆ ಎಂಟು ವಾರದ ಕೆಲಸ ನೀರಿಗೆ ಬಿದ್ದಂತೆ, ಮಾರ್ಚಿನೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿಯೇ ರದ್ದು ಎಂದು ಒಂದೊಂದಾಗಿ ಹೇಳಿದರು. ಹೇಳಿದ್ದರಲ್ಲಿ ಒಂದೂ ಸುಳ್ಳಾಗಿರಲಿಲ್ಲ.

"ಆಯಮ್ಮನಿಗೆ ಅನ್ಯಾಯ ಆಗ್ತೈತೆ, ನಾನೇನು ಇಲ್ಲ ಅನ್ನಲ್ಲ," ಎಂದರು. "ಆದ್ರೆ ನೀವು ಮಕ್ಕಳ ಮನೆಯೋರ ಹತ್ರ ಒಪ್ಪಿಗೆಪತ್ರ ತಗೊಂಡಿದೀರಲ್ಲಮ್ಮ, ಅದರಲ್ಲಿ ಏನಂತ ಬರೆದಿದೀರಿ, ಒಂದ್ಸಲ ಓದ್ಕೊಳ್ರಿ."

ಅವಳಿಗೆ ಓದಿಕೊಳ್ಳುವ ಅಗತ್ಯವಿರಲಿಲ್ಲ, ತಾನೇ ಬರೆದದ್ದು. ಮಕ್ಕಳು ಬರೆದ ಯಾವುದೇ ಬರಹವನ್ನು ಸಂಶೋಧನೆಯ ಹೊರತು ಬೇರೆ ಉದ್ದೇಶಕ್ಕೆ ಬಳಸುವುದಿಲ್ಲ. ಮಕ್ಕಳನ್ನು ಕಾಪಾಡಲೆಂದು ಹಾಕಿದ ಆ ಸಾಲು ಈಗ ತನ್ನನ್ನು ಕಾಪಾಡಲು ಬಂದು ನಿಂತಿತ್ತು. ಮಕ್ಕಳ ಹಾಳೆ ಲಗತ್ತಿಸದೆ ತನ್ನ ಮಾತನ್ನಷ್ಟೇ ಬರೆಯಬಹುದಿತ್ತು. ಅದು ಅವಳಿಗೂ ಹೊಳೆಯಿತು, ತಿಮ್ಮರಾಯಪ್ಪನವರಿಗೂ ಹೊಳೆದಿರಬೇಕು. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಸಂಜೆ ಅವಳು ಮಂಜಣ್ಣನವರಿಗೆ ಫೋನ್ ಮಾಡಿ ಸಂಶೋಧನೆಯ ನೈತಿಕ ನಿಯಮಗಳ ಬಗ್ಗೆ ವಿವರಿಸಿದಳು. ಗೌಪ್ಯತೆ, ಒಪ್ಪಿಗೆಪತ್ರ, ವಿಶ್ವವಿದ್ಯಾಲಯ ಎಂಬ ಮಾತುಗಳೆಲ್ಲ ಬಂದವು. ಮಂಜಣ್ಣ ಕೊನೆಯವರೆಗೂ ಹೂಂಗುಟ್ಟುತ್ತಿದ್ದರು.

"ಆಯ್ತು ಬಿಡ್ರಿ ಮೇಡಂ, ನಿಮ್ ತೊಂದ್ರೆ ನಿಮಗೆ," ಎಂದು ಫೋನ್ ಇಟ್ಟರು.

ಗುರುವಾರ ವಿಚಾರಣೆ ನಡೆಯಿತು. ವರದಿ ಬರುವವರೆಗೆ ಹುಲಿಗೆಮ್ಮ ಕೆಲಸಕ್ಕೆ ಬರುವುದು ಬೇಡವೆಂದು ತೀರ್ಮಾನವಾಯಿತು. ಮಕ್ಕಳು ಉಪವಾಸ ಇರಬಾರದಲ್ಲ ಎಂದು ಸಮಿತಿಯವರು ತಾತ್ಕಾಲಿಕವಾಗಿ ಯಶೋದಾಳನ್ನು ಹಾಕಿಕೊಂಡರು. ಶುಕ್ರವಾರ ಮಧ್ಯಾಹ್ನ ಸುಷ್ಮಿತಾ ನೋಡಿದಾಗ ಅಂಗಳದ ತುಂಬ ಮಕ್ಕಳು ಉಣ್ಣುತ್ತಿದ್ದರು. ಯಶೋದಾಳೂ ಕೆಟ್ಟವಳಲ್ಲ, ಮೇಡಂ ಬರ್ರಿ, ಕುಂತ್ಕಳ್ರಿ ಎಂದು ಅಕ್ಕರೆಯಿಂದ ಕರೆದಳು. ಸುಷ್ಮಿತಾ ಹೊಟ್ಟೆ ಸರಿಯಿಲ್ಲವೆಂದು ತಪ್ಪಿಸಿಕೊಂಡಳು. ಮುಂದಿನ ಎರಡು ಸಲವೂ ಬಸ್ಸಿನಲ್ಲಿ ಬಿಸ್ಕತ್ತು ತಿಂದು ಹೋದಳು.

ಪ್ರೀತಿ ಕ್ಲಾಸಿನಲ್ಲಿ ಕೈಯೆತ್ತುವುದನ್ನು ನಿಲ್ಲಿಸಿದ್ದಳು. ಅವಳು ಬರೆದದ್ದು ಮನೆಗೆ ಹೇಗೋ ತಿಳಿದು, ಅಪ್ಪ ಹೊಡೆದಿದ್ದ ಎಂದು ಬೇರೆ ಹುಡುಗಿಯರು ಹೇಳಿದರು. ಎಂಟನೇ ವಾರದ ಕೊನೆಯ ದಿನ ಪರೀಕ್ಷೆ ನಡೆಯಿತು. ಎಲ್ಲರೂ ಹೋದ ಮೇಲೆ ಪ್ರೀತಿ ಉತ್ತರದ ಹಾಳೆ ಹಿಡಿದು ಮೇಜಿನ ಹತ್ತಿರ ಬಂದು ನಿಂತಳು. ಸುಷ್ಮಿತಾ ಸಮಾಧಾನದ ಮಾತೇನೋ ಶುರುಮಾಡಿದಳು.

"ಮಿಸ್, ನೀವು ಪತ್ರ ಕೊಡ್ತೀನಿ ಅಂದಿದ್ರಂತೆ," ಎಂದಳು ಪ್ರೀತಿ. "ಹೆಡ್‌ಮೇಷ್ಟ್ರು ಹುಲಿಗೆಮ್ಮಕ್ಕಂಗೆ ಹೇಳಿದ್ರು. ಆಯಕ್ಕ ಗುರುವಾರ ಮಧ್ಯಾಹ್ನದ ತನಕ ಕಾದ್ಲು."

ತನಗೆ ನಿಯಮಗಳಿದ್ದವು ಎಂದು ಸುಷ್ಮಿತಾ ಹೇಳಿದಳು. ಪ್ರೀತಿ ಹಾಳೆಯನ್ನು ಉಳಿದವುಗಳ ಮೇಲಿಟ್ಟು, ಅಂಚು ಸರಿಪಡಿಸಿ ಹೊರಟುಹೋದಳು.

ದುರ್ಗಕ್ಕೆ ಬಂದು ಅಂಕ ಹಾಕಿದಾಗ ಫಲಿತಾಂಶ ಅವಳ ನಿರೀಕ್ಷೆಯನ್ನೂ ಮೀರಿತ್ತು. ತರಗತಿಯ ಸರಾಸರಿ ಶೇಕಡಾ ಮೂವತ್ತೆಂಟರಿಂದ ಎಪ್ಪತ್ತೊಂದಕ್ಕೆ ಏರಿತ್ತು. ಯಾವ ಲೇಖನದಲ್ಲೂ ಅಷ್ಟು ದೊಡ್ಡ ಏರಿಕೆ ಅವಳು ಕಂಡಿರಲಿಲ್ಲ. ಇಪ್ಪತ್ತು ಪ್ರಶ್ನೆಯಲ್ಲಿ ಹತ್ತೊಂಬತ್ತು ಮೇಲೇರಿದ್ದವು. ಇಳಿದದ್ದು ಒಂದೇ, ಹದಿನೇಳನೆಯದು. ಒಂದು ಸುದ್ದಿ ಸುಳ್ಳೆಂದು ನಿಮಗೆ ತಿಳಿದಿದೆ, ಅದನ್ನು ಕಳಿಸಿದವರು ನಿಮ್ಮ ಮನೆಯ ಹಿರಿಯರು, ನೀವು ಏನು ಮಾಡುತ್ತೀರಿ ಎಂಬ ಪ್ರಶ್ನೆ. ಮೊದಲ ಪರೀಕ್ಷೆಯಲ್ಲಿ ಮೂವತ್ತನಾಲ್ಕು ಮಕ್ಕಳು, ಸುಳ್ಳೆಂದು ಹಿರಿಯರಿಗೆ ಹೇಳುತ್ತೇನೆ ಎಂಬುದಕ್ಕೆ ಗುರುತು ಹಾಕಿದ್ದರು. ಈಗ ಹಾಗೆ ಹಾಕಿದವರು ಆರು. ಮೂವತ್ತನಾಲ್ಕು ಮಕ್ಕಳು ಸುಮ್ಮನಿರುತ್ತೇನೆ ಎಂದಿದ್ದರು. ಉಳಿದದ್ದು ಪ್ರೀತಿಯ ಹಾಳೆ. ಅವಳು ಯಾವುದಕ್ಕೂ ಗುರುತು ಹಾಕದೆ ಪ್ರಶ್ನೆಯ ಮೇಲೆಯೇ ಒಂದು ಅಡ್ಡಗೆರೆ ಎಳೆದಿದ್ದಳು.

ಸುಷ್ಮಿತಾ ಎರಡೂ ಪರೀಕ್ಷೆಯ ಹದಿನೇಳನೇ ಉತ್ತರಗಳನ್ನು ಮತ್ತೊಮ್ಮೆ ಎಣಿಸಿ ನೋಡಿದಳು. ಐದು ವರ್ಷದಲ್ಲಿ ಅವಳು ಕಂಡುಕೊಂಡ ನಿಜವಾದ ಸಂಗತಿ ಅದೊಂದೇ ಎಂದು ಅವಳಿಗೆ ತಿಳಿಯಿತು. ಮಕ್ಕಳು ಸುಳ್ಳನ್ನು ಗುರುತಿಸಲು ಕಲಿತಿದ್ದರು. ಗುರುತಿಸಿದವರ ಗತಿ ಏನಾಗುತ್ತದೆ, ಕಲಿಸಿದವರು ಏನು ಮಾಡುತ್ತಾರೆ ಎನ್ನುವುದನ್ನೂ ಅದೇ ಎಂಟು ವಾರದಲ್ಲಿ ಕಲಿತಿದ್ದರು. ಅದರ ಮೇಲೆ ಒಂದು ಅಧ್ಯಾಯವನ್ನೇ ಬರೆಯಬೇಕೆಂದು ಏಳೆಂಟು ಪುಟ ಬರೆದಳು ಕೂಡ. ಬರೆಯುತ್ತ ಹೋದಂತೆ ಆ ಅಧ್ಯಾಯದೊಳಗೆ ತನ್ನ ಹೆಸರೂ ಬರಬೇಕಾಗುತ್ತದೆ ಎಂಬುದು ಅರಿವಾಗಿ ಪೆನ್ನು ನಿಂತಿತು.

ತಿಮ್ಮರಾಯಪ್ಪನವರು ಕೋಷ್ಟಕ ನೋಡಿ, ಹತ್ತೊಂಬತ್ತು ಪ್ರಶ್ನೆ ಒಂದು ದಿಕ್ಕಿಗೆ, ಒಂದು ಇನ್ನೊಂದು ದಿಕ್ಕಿಗೆ ಹೋದರೆ ದೋಷ ಪ್ರಶ್ನೆಯದೇ ಎಂದರು. ಇಂಥ ಪ್ರಶ್ನೆಯನ್ನು ಕೈಬಿಡುವ ಪದ್ಧತಿ ಇದೆ, ಅಡಿಟಿಪ್ಪಣಿಯಲ್ಲಿ ಒಂದು ಸಾಲು ಹಾಕಿದರೆ ಸಾಕು. ಸುಷ್ಮಿತಾ ಬರೆದ ಏಳೆಂಟು ಪುಟಗಳನ್ನು ಅವರಿಗೆ ತೋರಿಸಲೇ ಇಲ್ಲ. ಹದಿನೇಳನೇ ಪ್ರಶ್ನೆ ವಿಶ್ವಾಸಾರ್ಹವಲ್ಲವೆಂದು ಕಂಡುಬಂದ ಕಾರಣ ವಿಶ್ಲೇಷಣೆಯಿಂದ ಹೊರಗಿಡಲಾಗಿದೆ ಎಂದು ಸಣ್ಣ ಅಕ್ಷರದಲ್ಲಿ ಸೇರಿಸಿದಳು. ಸರಾಸರಿ ಇನ್ನಷ್ಟು ಏರಿತು.

ಪ್ರಬಂಧ ಮಾರ್ಚಿನಲ್ಲಿ ಒಪ್ಪಿಸಿದಳು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಗ್ರಾಮೀಣ ಶಾಲೆಯಲ್ಲಿ ಇಂಥ ಫಲಿತಾಂಶ ಅಪರೂಪವೆಂದು ಹೊಗಳಿದರು. ಅಡಿಟಿಪ್ಪಣಿಯ ಬಗ್ಗೆ ಯಾರೂ ಕೇಳಲಿಲ್ಲ. ಕೇಳಬಹುದೆಂದು ಅವಳು ಕಾದಿದ್ದಳು. ಕೇಳದೆ ಎದ್ದಾಗ ಬಂದದ್ದು ನಿರಾಳವೋ ನಿರಾಸೆಯೋ ಅವಳಿಗೆ ತಿಳಿಯಲಿಲ್ಲ. ಜೂನ್‌ನಲ್ಲಿ ಕಾರ್ಯದರ್ಶಿಗಳು ಮಾತು ಉಳಿಸಿಕೊಂಡರು, ಕೆಲಸ ಖಾಯಂ ಆಯಿತು. ರಾಮಗಿರಿಯಲ್ಲಿದ್ದ ತಾಯಿ ಚಂದ್ರಕ್ಕ ಬೀದಿಯವರಿಗೆಲ್ಲ ಸಕ್ಕರೆ ಹಂಚಿದಳು.

ಮಳೆಗಾಲದ ಕೊನೆಯಲ್ಲಿ ಹಿರಿಯೂರಿನಲ್ಲಿ ಹೈಸ್ಕೂಲು ಶಿಕ್ಷಕರಿಗೆ ಎರಡು ದಿನದ ತರಬೇತಿ ಇತ್ತು. ಸುಳ್ಳು ಸುದ್ದಿಯ ಪಾಠವನ್ನು ಹೇಗೆ ಮಾಡಬೇಕೆಂದು ಹೇಳಿಕೊಡಲು ಸುಷ್ಮಿತಾಳನ್ನು ಕರೆದಿದ್ದರು. ಹಿಂದಿನ ಸಾಲಿನಲ್ಲಿ ಮಂಜಣ್ಣ ಕುಳಿತಿದ್ದರು. ಅವಳು ಏರಿಕೆಯ ಅಂಕಿಗಳನ್ನು ಪರದೆಯ ಮೇಲೆ ತೋರಿಸುವಾಗ ಅವರು ತಲೆ ತಗ್ಗಿಸಿ ಏನೋ ಬರೆದುಕೊಳ್ಳುತ್ತಿದ್ದರು. ಚಹಾದ ಹೊತ್ತಿನಲ್ಲಿ ಅವಳೇ ಹತ್ತಿರ ಹೋದಳು. ಮಂಜಣ್ಣ ಮೊದಲಿನ ಮರ್ಯಾದೆಯಲ್ಲೇ ಮಾತಾಡಿಸಿದರು. ಸಾರಿನ ವರದಿ ಏಪ್ರಿಲ್‌ನಲ್ಲಿ ಬಂತು, ಯಾವ ದೋಷವೂ ಇಲ್ಲ ಎಂದಿದೆ ಎಂದರು. ಆದರೆ ಅಷ್ಟರಲ್ಲಿ ಶಾಲೆಯ ವರ್ಷವೇ ಮುಗಿದಿತ್ತು. ಹೊಸ ವರ್ಷಕ್ಕೆ ಸಮಿತಿ ಸಭೆ ಸೇರಿ ಯಶೋದಾಳನ್ನೇ ಮುಂದುವರಿಸಿತು. ಪ್ರೀತಿಯನ್ನು ಅವಳಪ್ಪ ಬೇರೆ ಊರಿನ ಹಾಸ್ಟೆಲಿಗೆ ಹಾಕಿದ್ದ. ಇಷ್ಟು ಹೇಳಿ ಮಂಜಣ್ಣ ಚಹಾ ಮುಗಿಸಿ, ಲೋಟ ಇಟ್ಟು ಒಳಗೆ ಹೋದರು.

ಆ ವಾರವೇ ಸುಷ್ಮಿತಾ ಕಾಲೇಜಿಗೆ ರಜೆ ಹಾಕಿ, ರಾತ್ರಿ ಹೊಸದುರ್ಗದ ಗೆಳತಿಯ ಮನೆಯಲ್ಲಿ ಉಳಿದು, ಬೆಳಗಿನ ಮೊದಲ ಬಸ್ಸಿಗೆ ಹೊರಟಳು. ಯಾಕೆಂದು ತನಗೇ ಸ್ಪಷ್ಟವಿರಲಿಲ್ಲ. ಹುಲಿಗೆಮ್ಮನ ಕೈ ಹಿಡಿದು ತಪ್ಪಾಯಿತು ಎನ್ನಬೇಕೆಂದಿತ್ತು. ಈಗಲಾದರೂ ಪತ್ರ ಬರೆದುಕೊಡುತ್ತೇನೆ, ಮೇಲಿನವರವರೆಗೂ ಹೋಗೋಣ ಎನ್ನಬೇಕೆಂದೂ ಇತ್ತು. ಈಗ ಖಾಯಂ ಆಗಿದ್ದರಿಂದ ಧೈರ್ಯ ಬಂದಿದೆ ಎಂಬುದೂ ಗೊತ್ತಿತ್ತು. ಆ ಧೈರ್ಯಕ್ಕೆ ಅವಳೇ ನಾಚಿದಳು.

ಏಳು ಗಂಟೆಗೆ ಕಾಲೋನಿಯ ರಸ್ತೆ ಬದಿಯಲ್ಲಿ ಹೆಂಗಸರು ಕೂಲಿಯ ಟೆಂಪೋಗೆ ಕಾಯುತ್ತ ನಿಂತಿದ್ದರು. ಹುಲಿಗೆಮ್ಮ ಸೀರೆಯ ಮೇಲೊಂದು ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲು ಕಟ್ಟಿಕೊಂಡಿದ್ದಳು. ಈರುಳ್ಳಿ ಹೊಲದಲ್ಲಿ ಕಳೆ ತೆಗೆಯುವ ಕೆಲಸವಂತೆ. ಸುಷ್ಮಿತಾಳನ್ನು ಕಂಡು ಗುರುತು ಹಿಡಿದು, ಇಷ್ಟು ಬೆಳಿಗ್ಗೆ ಎಲ್ಲಿಂದ ಬಂದಿರಿ, ತಿಂಡಿ ಆಯಿತೇ ಎಂದು ವಿಚಾರಿಸಿದಳು.

"ಅಕ್ಕಾ, ವರದಿ ಬಂದೈತಂತೆ. ಆ ವಿಡಿಯೋ ಸುಳ್ಳು ಅಂತ ಈಗ ಎಲ್ಲರಿಗೂ..." ಎಂದು ಸುಷ್ಮಿತಾ ಶುರುಮಾಡಿದಳು.

"ಈಗ ಅಲ್ಲ ಮೇಡಂ, ಆಗ್ಲೇ ಎಲ್ರಿಗೂ ಗೊತ್ತಿತ್ತು," ಎಂದಳು ಹುಲಿಗೆಮ್ಮ. "ಓಬಳೇಶಪ್ಪ ಮೊನ್ನೆ ನನ್ನ ಮುಂದೇನೆ ನಗ್ತಾ ಅಂದ, ಏನ್ ಹುಲಿಗೆಮ್ಮ, ಹಲ್ಲಿ ಎಲ್ಲಿಂದ ತಂದಿದ್ದೆ ಅಂತ. ಸುತ್ತ ಇದ್ದೋರೂ ನಕ್ರು. ಕೆಟ್ಟದಾಗೇನೂ ಅಲ್ಲ, ತಮಾಷೆಗೆ."

ಸುಷ್ಮಿತಾ ಪತ್ರದ ಮಾತೆತ್ತಿದಳು. ಮೇಲಧಿಕಾರಿಗಳಿಗೆ ಬರೆಯಬಹುದು, ತಾನೇ ಜೊತೆಗೆ ಬರುತ್ತೇನೆ ಎಂದಳು. ಹುಲಿಗೆಮ್ಮ ಕೇಳಿಸಿಕೊಂಡಳು. ಟವೆಲಿನ ಗಂಟನ್ನು ಬಿಗಿ ಮಾಡಿಕೊಳ್ಳುತ್ತ ಬೇರೆಯೇ ಮಾತು ತೆಗೆದಳು.

"ನಿಮ್ದು ಓದು ಮುಗೀತಾ ಮೇಡಂ? ಕೆಲಸ ಖಾಯಂ ಆತಾ?"

"ಆಯ್ತಕ್ಕ."

"ಒಳ್ಳೇದಾತು ಬಿಡ್ರಿ," ಎಂದಳು ಹುಲಿಗೆಮ್ಮ. ಆ ಮಾತಿನಲ್ಲಿ ಕೊಂಕನ್ನು ಹುಡುಕಿದರೂ ಸುಷ್ಮಿತಾಳಿಗೆ ಸಿಗಲಿಲ್ಲ. ಸಿಕ್ಕಿದ್ದರೆ ಚೆನ್ನಾಗಿತ್ತು ಎನಿಸಿತು.

ಅಷ್ಟರಲ್ಲಿ ಟೆಂಪೋ ಬಂತು. ಹೆಂಗಸರು ಹಿಂದಿನ ಹಲಗೆ ಹಿಡಿದು ಒಬ್ಬರಿಗೊಬ್ಬರು ಕೈಕೊಟ್ಟು ಹತ್ತಿದರು. ಹುಲಿಗೆಮ್ಮ ಕೊನೆಯವಳಾಗಿ ಹತ್ತಿ, ಬಿಸಿಲು ಏರುವುದರೊಳಗೆ ಹೊರಟುಬಿಡಿ, ಒಂಬತ್ತಕ್ಕೆ ಶ್ರೀರಾಂಪುರದಲ್ಲಿ ಹೊಸದುರ್ಗದ ಬಸ್ಸಿದೆ ಎಂದು ಕೂಗಿ ಹೇಳಿದಳು. ಟೆಂಪೋ ಹೊಲದ ದಾರಿಗೆ ತಿರುಗಿತು. ತಪ್ಪಾಯಿತು ಎಂಬ ಮಾತನ್ನು ಸುಷ್ಮಿತಾ ಆಡಿರಲಿಲ್ಲ. ಆಟೋ ಬರುವವರೆಗೆ ಅಲ್ಲೇ ನಿಂತಿದ್ದು, ಒಂಬತ್ತರ ಬಸ್ಸಿಗೆ ವಾಪಸು ಹೊರಟಳು.